ಜಯಕ್ಕನಿಗೆ ‘ಆಯ್ತು’ ಎಂದರೆ ಸಾಲದು

ಜಯಕ್ಕನ ಮುಂದೆ ಬರೀ “ಆಯ್ತು” ಎಂದು ಹೇಳಿ ಪಾರಾದವರಿಲ್ಲ. ಸೋಮವಾರಪೇಟೆಯ ನಮ್ಮ ಟ್ರಸ್ಟ್ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಕ್ಯಾಂಟೀನಿನವನು “ಸಕ್ಕರೆ ಹಾಕಿದ್ದೀನಿ ಮೇಡಂ” ಎಂದರೂ ಅವನೆದುರಿಗೇ ಒಂದು ಗುಟುಕು ಕುಡಿದು ನೋಡುವ ಪೈಕಿ. “ಆಯ್ತು ಅಂದ್ರೆ, ಯಾರ್ ನೋಡಿದ್ರು ಕಣೇ?” ಎನ್ನುವುದು ಅವರ ಮಂತ್ರ. ಅವರ ಕೈಕೆಳಗೆ ಸೇರಿದ ಹೊಸತರಲ್ಲಿ ನನಗಿದು ಶುದ್ಧ ಕಿರಿಕಿರಿ.

ಲಸಿಕೆಯ ಫ್ರಿಜ್ಜಿಗೆ ಕಾವಲಾಗಿ ಒಂದು ಸಾಫ್ಟ್‌ವೇರ್ ಇತ್ತು. ಒಳಗೆ ಬಿಸಿ ಏರಿದರೆ ಅಲಾರಂ ಕೂಗಬೇಕು. ಒಮ್ಮೆ ಅದು ನಡೆಯುವ ಸರ್ವರಿನ ಅಪ್‌ಡೇಟಿಗೆಂದು ಮೈಸೂರಿನಿಂದ ಒಬ್ಬ ಇಂಜಿನಿಯರ್ ಬಂದರು. ಮರುದಿನ ಊರಿನ ಮಕ್ಕಳಿಗೆ ಲಸಿಕೆ, ಫ್ರಿಜ್ ತುಂಬಿತ್ತು. ಉಳಿದುದಕ್ಕೆ ತೊಂದರೆಯಾಗದಿರಲೆಂದು ಅವರು ಸರ್ವರಿನೊಳಗೇ ಬೇರ್ಪಡಿಸಿದ ಒಂದು ಮುಚ್ಚಿದ ಜಾಗದಲ್ಲಿ ಕೆಲಸ ಮುಗಿಸಿ, ಅಲ್ಲಿಂದಲೇ ಅಲಾರಂ ಸಾಫ್ಟ್‌ವೇರಿಗೆ ಸ್ಟಾರ್ಟ್ ಕಮಾಂಡ್ ಕೊಟ್ಟರು. ಎರರ್ ಬರಲಿಲ್ಲ. “ಆಯ್ತು ಮೇಡಂ” ಎಂದು ಬ್ಯಾಗನ್ನು ಹೆಗಲಿಗೇರಿಸಿದರು.

“ಕೂತ್ಕೊಳ್ಳಿ ಸಾರ್, ಕಾಫಿ ಕುಡ್ಕೊಂಡ್ ಹೋಗೀರಂತೆ” ಎಂದ ಜಯಕ್ಕ, ನರ್ಸಿಗೆ ಹೇಳಿ ಲಸಿಕೆಗಳನ್ನು ಐಸ್ ಪೆಟ್ಟಿಗೆಗೆ ಹಾಕಿಸಿ, ಫ್ರಿಜ್ಜಿನ ಬಾಗಿಲು ತೆರೆದಿಟ್ಟರು. ಕಾಫಿ ಮುಗಿಯಿತು, ಫ್ರಿಜ್ ಬೆಚ್ಚಗಾಯಿತು. ಅಲಾರಂ ಮಾತ್ರ ತುಟಿಪಿಟಕ್ಕೆನ್ನಲಿಲ್ಲ.

ಜಯಕ್ಕ ಪರದೆಯನ್ನು ಮೇಲಿನಿಂದ ಓದಿದರು. ಮುಚ್ಚಿದ ಜಾಗದಿಂದ ಸ್ಟಾರ್ಟ್ ಎಂದರೆ ಹಿಂದೆಲ್ಲ ಎರರ್ ಬಂದು ಕೆಲಸ ನಿಲ್ಲುತ್ತಿತ್ತು. ಅಪ್‌ಡೇಟ್ ಆದಮೇಲೆ ಸರ್ವರ್ ‘ಕೋರಿಕೆಯನ್ನು ಕಡೆಗಣಿಸಲಾಗಿದೆ’ ಎಂಬರ್ಥದ ಒಂದು ಸಾಲು ಬರೆದು, ಎಲ್ಲ ಸರಿಯಾದಂತೆ ಮುಗಿಸಿಬಿಟ್ಟಿತ್ತು; ಅಲಾರಂ ಸಾಫ್ಟ್‌ವೇರ್ ಶುರುವೇ ಆಗಿರಲಿಲ್ಲ.

“ಮುಂಚೆ ಆಗಲ್ಲ ಅಂತ ಜಗಳಕ್ಕೇ ಬರ್ತಿತ್ತು. ಈಗ ಹೂಂ ಅಂದ್ಬುಟ್ಟು ಸುಮ್ನೆ ಕೂತದೆ, ನಮ್ಮೆಜಮಾನ್ರ ಥರ!”

ಇಂಜಿನಿಯರೂ ನಕ್ಕುಬಿಟ್ಟರು. ಇಬ್ಬರೂ ಸೇರಿ ಈ ಸಲ ಆ ಮುಚ್ಚಿದ ಜಾಗದ ಹೊರಗಿನಿಂದ ಕಮಾಂಡ್ ಕೊಟ್ಟಾಗ ಅಲಾರಂ ಕಿರುಚಿದ ರಭಸಕ್ಕೆ ಹೊರಗೆ ಚೀಟಿ ಹಿಡಿದು ಕೂತಿದ್ದವರೆಲ್ಲ ಎದ್ದುನಿಂತರು. ಮರುದಿನ ಬೆಳಗ್ಗೆ ಅರ್ಧ ಗಂಟೆ ಕರೆಂಟು ಹೋಯಿತು, ಅಲಾರಂ ಕೂಗಿತು, ಜನರೇಟರ್ ಹಾಕಿದೆವು. ಲಸಿಕೆ ಚುಚ್ಚಿಸಿಕೊಂಡ ಮಕ್ಕಳ ಅಳು ವರಾಂಡದ ತುಂಬ. ಇಂಥವರ ಕೈಕೆಳಗೆ ಕಲಿಯುತ್ತಿದ್ದೇನೆಂದು ಅಂದು ನನಗಾದ ಹೆಮ್ಮೆ ಇಷ್ಟಿಷ್ಟಲ್ಲ.

ಹೋದ ವರ್ಷ ಅವರು ನಿವೃತ್ತರಾದರು. ಕೊನೆಯ ದಿನವೂ ಒಂದು ಅಪ್‌ಡೇಟ್ ಇತ್ತು; ನಾನೇ ಮಾಡಿದೆ. ಹಾರ, ಶಾಲು ಎಲ್ಲ ಮುಗಿಸಿ ಜಯಕ್ಕ ಬಾಗಿಲಲ್ಲಿ ನಿಂತಿದ್ದರು.

“ಆಯ್ತಕ್ಕಾ” ಎಂದೆ. “ಬನ್ನಿ, ಒಂದ್ಸಲ ನೋಡಿ.”

“ನೀನ್ ನೋಡ್ದೆ ತಾನೆ?”

“ನೋಡ್ದೆ.”

“ಹಂಗಾರೆ ಆಯ್ತು ಬುಡು” ಎಂದವರು ಕೊಡ್ಲಿಪೇಟೆ ಬಸ್ಸಿಗೆ ಹೊರಟೇಬಿಟ್ಟರು. ಫ್ರಿಜ್ಜಿನ ಕಡೆ ತಿರುಗಿಯೂ ನೋಡಲಿಲ್ಲ.