ಯಾವ ಬಾಗಿಲಿಗೆ ಯಾರು ಬರುತ್ತಾರೆ

ವೈಜನಾಥ ಒಳ್ಳೆಯ ಹುಡುಗ, ಆದರೆ ಸಾಕಿದ ಅಕ್ಕನ ಮರ್ಯಾದೆ ಕಳೆದ ಎನ್ನುತ್ತಾರೆ ದಾಳಿಂಬ ಊರಿನ ಜನ. ಮೊದಲನೆಯ ಮಾತು ನಿಜ. ಎರಡನೆಯದನ್ನು ಆಡುವವರ ಮೇಲೆ ನನಗೆ ಸಿಟ್ಟಿದೆ, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಅವನು ಚಿಕ್ಕಂದಿನಲ್ಲಿ ನನ್ನ ಕೈಕೆಳಗೆ ಕಲಿತವನು. ನಮ್ಮದು ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ಕನ್ನಡ ಶಾಲೆ. ಮಕ್ಕಳು ಮರಾಠಿಯಲ್ಲಿ ಜಗಳವಾಡಿ ಕನ್ನಡದಲ್ಲಿ ಅಳುತ್ತಾರೆ. ವೈಜನಾಥನ ತಂದೆ ತಾಯಿ ಸಂಬಂಧದಲ್ಲಿ ಸೋದರಮಾವ, ಸೊಸೆ. ನಮ್ಮಲ್ಲಿ ಅದು ವಿಶೇಷವೇನಲ್ಲ, ಅಕ್ಕನ ಮಗಳ ಮೇಲೆ ತಮ್ಮನ ಹಕ್ಕು ಎಂದೇ ಲೆಕ್ಕ. ಇಬ್ಬರೂ ಬೇಗ ತೀರಿಕೊಂಡರು. ನಿಲಂಗಾಕ್ಕೆ ಕೊಟ್ಟಿದ್ದ ಅಕ್ಕ ಪ್ರಯಾಗಬಾಯಿ ಅವನನ್ನು ಕರೆದುಕೊಂಡು ಹೋಗಿ, ತನ್ನ ಮಗಳು ಸ್ನೇಹಲಳ ತಾಟಿನ ಪಕ್ಕದಲ್ಲೇ ಅವನಿಗೂ ಒಂದು ತಾಟು ಇಟ್ಟು ಬೆಳೆಸಿದಳು. ದೊಡ್ಡವನಾದ ಮೇಲೆ ಅವನು ದಾಳಿಂಬಕ್ಕೆ ಮರಳಿ, ಹೊಲ ಪಾಲಿಗೆ ಹಾಕಿ, ಉಮರ್ಗಾದಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತ.

ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ನಾನು ಪಾಠಕ್ಕೆಂದು ದೊಡ್ಡ ಮೊಬೈಲು ಕೊಂಡೆ. ಪಾಠ ಕೇಳುವವರೇ ಇರಲಿಲ್ಲ. ವೈಜನಾಥ ಅದರಲ್ಲಿ ಒಂದು ಆಟ ಹಾಕಿಕೊಟ್ಟ. ಮೂವರು ಅವರವರ ಮನೆಯಲ್ಲೇ ಕೂತು, ಕಿವಿಗೆ ಮಾತಿನ ತಂತಿ ಸಿಕ್ಕಿಸಿಕೊಂಡು, ಒಂದು ಹಾಳು ಕೋಟೆಯೊಳಗೆ ನುಗ್ಗಬೇಕು, ಆಚೆ ಬಾಗಿಲಿನಿಂದ ಜೀವಂತ ಹೊರಬರಬೇಕು. ಒಳಗೆ ತರತರದ ವೈರಿಗಳು. ಅವುಗಳ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ ಎಂದು ಸ್ನೇಹಲ ಬೇರೆ ಹೆಸರಿಟ್ಟಳು. ಮಾಳಿಗೆಯಿಂದ ಹಾರುವವನು ಜಿಗ್ಯಾ, ಗೋಡೆ ಹಿಡಿದು ತೆವಳಿ ಬರುವವನು ತೆವಳ್ಯಾ, ದೂರ ನಿಂತು ಬೆಂಕಿ ಉಗುಳುವವನು ಉಗುಳ್ಯಾ. ಹೊಟ್ಟೆ ಹೊತ್ತು ನಿಧಾನ ಬಂದು, ಒಮ್ಮೆ ಹಿಡಿದರೆ ಬಿಡದವನು ಸಾವಕಾರ. ಶಾಲೆ ಕಾಲೇಜು ತೆರೆದ ಮೇಲೂ ನಾವು ಆಟ ಬಿಡಲಿಲ್ಲ. ಸ್ನೇಹಲ ಉದಗೀರದ ಹಾಸ್ಟೆಲಿನಲ್ಲಿದ್ದು ಫಾರ್ಮಸಿ ಓದುತ್ತಿದ್ದಳು, ಸಂಜೆ ಊಟಕ್ಕೆ ಮುಂಚೆ ನಮ್ಮ ಜೊತೆ ಸೇರುತ್ತಿದ್ದಳು.

ಯಾವ ವೈರಿ ಎಲ್ಲಿ, ಯಾವಾಗ ಎದ್ದು ಬರುತ್ತಾನೆ ಎಂಬುದು ವೈಜನಾಥನಿಗೆ ಬಾಯಿಪಾಠ. ರಜೆಯ ದಿನ ಒಬ್ಬನೇ ಆಟಕ್ಕೆ ಇಳಿದು, ಒಂದೇ ಓಣಿಯಲ್ಲಿ ಮತ್ತೆ ಮತ್ತೆ ಸಾಯುತ್ತ, ಯಾರು ಯಾವ ಕಡೆಯಿಂದ ಬಂದು ಕೊಂದರು ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ. "ಗುರುಜಿ, ಸರಪಳಿ ಬಿಚ್ಚಿದ್ರ ಎಡಕ್ಕ ತೆವಳ್ಯಾ ಬರ್ತಾನ. ಬಿಚ್ಚದೆ ಗ್ವಾಡಿ ಹತ್ತಿದ್ರ ಜಿಗ್ಯಾ. ಮಳಿ ಬಿದ್ದ ದಿನ ಬಾವಿ ಕಡಿ ಉಗುಳ್ಯಾ ಇರಂಗಿಲ್ಲ, ಬಿಂದಾಸ್ ಹೋಗ್ರಿ." ವೈರಿ ಕಾಣುವ ಮೊದಲೇ ಅವನ ಗುಂಡು ಹಾರಿರುತ್ತಿತ್ತು. ನಾಗಪುರ, ಭೋಪಾಳದ ಗುರುತಿಲ್ಲದ ಆಟಗಾರರು ಅವನ ಬೆನ್ನು ಬಿದ್ದು ಕೇಳುತ್ತಿದ್ದರು. ನಾನಂತೂ ನನ್ನ ಶಿಷ್ಯ ಎಂದು ಎದೆ ಉಬ್ಬಿಸಿಕೊಂಡಿದ್ದೆ. ಆಟದಲ್ಲಿ ನನ್ನ ಕೆಲಸ ಮೊದಲು ಸಾಯುವುದು.

ಅವನು ಮೊಬೈಲನ್ನು ಕೈ ಚಾಚಿ ದೂರ ಹಿಡಿಯುತ್ತಿದ್ದ. ಮೋಟರ್ ಸೈಕಲ್ ಮಾರಿ ಶೇರ್ ಆಟೋದಲ್ಲಿ ಓಡಾಡತೊಡಗಿದ್ದ. ಹೊತ್ತು ಮುಳುಗುವ ಮೊದಲೇ ಅಂಗಡಿ ಬಿಡುತ್ತಿದ್ದ. ಹುಡುಗರು ಎಲ್ಲಿ ನೋಡುತ್ತಿದ್ದಾರೆಂದು ಗಮನಿಸುವುದೇ ನನ್ನ ಹೊಟ್ಟೆಪಾಡು, ಆದರೂ ಏನೂ ಹೊಳೆಯಲಿಲ್ಲ.

ಸ್ನೇಹಲಳನ್ನು ಅವನಿಗೇ ಕೊಡುವುದು ಎಂದು ಪ್ರಯಾಗಬಾಯಿ ಮೊದಲಿನಿಂದ ಆಡಿಕೊಂಡು ಬಂದಿದ್ದಳು. ಆ ವರ್ಷ ತಾರೀಖೂ ಹಿಡಿದರು, ಮಂಗಲ ಕಾರ್ಯಾಲಯವನ್ನೂ ಹೇಳಿಟ್ಟರು. ಅವನಿಗೆ ಸ್ನೇಹಲ ಎಂದರೆ ಪ್ರೀತಿ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ದಾಳಿಂಬದ ಮನೆಗೆ ಬಣ್ಣ ಹಚ್ಚಿಸಿ ನನ್ನನ್ನು ಕರೆದು ತೋರಿಸಿದ. ಅವಳ ಮನಸ್ಸು ಏನೆಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಗ ಆಟ ಬದಲಾಯಿತು. ಆಟ ಮಾಡಿದವರು ಕೋಟೆ ಹಾಗೇ ಬಿಟ್ಟು, ವೈರಿಗಳು ಬರುವ ಜಾಗವನ್ನೆಲ್ಲ ಕದಡಿಬಿಟ್ಟರು. ಪ್ರತಿ ಸಲ ಬೇರೆ ಬಾಗಿಲು, ಬೇರೆಯವನು. ಎಲ್ಲರಿಗೂ ತುಸು ಕಷ್ಟವಾಯಿತು, ವೈಜನಾಥನಿಗೆ ಮಾತ್ರ ಕೈಕಾಲೇ ಹೋದವು. ಪಕ್ಕದಲ್ಲಿ ತೆವಳ್ಯಾ ಬಂದು ನಿಂತರೂ ನೇರ ಮುಂದೆ ಗುಂಡು ಹಾರಿಸುತ್ತ ಸಾಯುತ್ತಿದ್ದ. ನಾನು ಅವನಿಗಿಂತ ಹೆಚ್ಚು ಹೊತ್ತು ಬದುಕತೊಡಗಿದೆ. ಮೊದಲು ಕುಣಿದೆ, ಆಮೇಲೆ ಅನುಮಾನ ಬಂತು.

ನನಗಿಂತ ಮೊದಲು ಸ್ನೇಹಲಳಿಗೆ ಬಂದಿತ್ತು. ಒಂದು ಸಂಜೆ ಕೋಟೆಯ ಹೊರಗಿನ ಅಂಗಳದಲ್ಲಿ, ಯಾವ ವೈರಿಯೂ ಬಾರದ ಜಾಗದಲ್ಲಿ, ಅವಳು ನಮ್ಮನ್ನು ತಡೆದಳು.

"ಮಾಮಾ, ನಾ ಎಲ್ಲಿ ಅದೀನಿ ಹೇಳು."

"ಹಿಂದ ಅದಿ," ಎಂದ ವೈಜನಾಥ.

ಅವಳು ಅವನ ಎಡಗಡೆ, ಮುಟ್ಟುವಷ್ಟು ಹತ್ತಿರ ನಿಂತಿದ್ದಳು. ನನ್ನ ಪರದೆಯಲ್ಲಿ ಕಾಣುತ್ತಿತ್ತು. ಬಲಗಡೆಗೆ ಬಂದು ಜಿಗಿಯುತ್ತ, "ಈಗ?" ಎಂದಳು.

"ಹಿಂದೇ ಅದಿ. ಹೋಗೋಣ ನಡಿ."

ನಾನು ಬಾಯಿ ಹಾಕಲು ಹೋದೆ. "ಗುರುಜಿ, ನೀವು ಸುಮ್ಮನಿರ್ರಿ," ಎಂದು ತಡೆದು, ಅವಳು ಮೆಲ್ಲಗೆ ಕೇಳಿದಳು. "ಮಾಮಾ, ನಿನಗ ಬಗಲಿಂದು ಕಾಣಂಗಿಲ್ಲ. ಯಾವಾಗಿಂದ?"

ಅವನು ಆಟದೊಳಗಿನ ತನ್ನ ಆಳನ್ನು ಅಂಗಳದ ಗೋಡೆಗೆ ಆನಿಸಿ ನಿಲ್ಲಿಸಿದ. ಆಮೇಲೆ ಅವನು ಹೇಳಿದ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತದೆ, ಕತ್ತಲಾದರೆ ಅದೂ ಇಲ್ಲ. ಸೋಲಾಪುರದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದ್ದ. ಔಷಧವಿಲ್ಲ, ಮುಂದೆ ಪೂರ್ತಿ ಹೋಗುತ್ತದೆ ಎಂದಿದ್ದರು. ಕಾಣದೆ ಹೋದದ್ದನ್ನು ನೆನಪಿನಿಂದ ತುಂಬಿಸಿಕೊಂಡು ಆಡುತ್ತಿದ್ದ. ನಾನು ಜಾಣತನ ಎಂದು ಹೊಗಳಿದ್ದು ಅವನ ಕುರುಡುತನವನ್ನು.

ಸ್ನೇಹಲ ಅತ್ತಳು. ಅತ್ತು ಮುಗಿದ ಮೇಲೆ ಮನಸ್ಸಿನಲ್ಲಿದ್ದದ್ದನ್ನು ಅವತ್ತು ಮೊದಲ ಸಲ ಆಡಿದಳು. "ಮಾಮಾ, ನನಗ ಈ ಲಗ್ನ ಮೊದಲೇ ಬ್ಯಾಡಾಗಿತ್ತು. ನಾ ಓದಬೇಕು. ನಾ ಅಂದ್ರ ಅವ್ವ ಕೇಳಂಗಿಲ್ಲ, ಕಾಲೇಜ್ ಬಿಡಸ್ತಾಳ. ನೀ ಹೇಳು. ಕಣ್ಣಿಂದು ಹೇಳಿದ್ರ ತಾವೇ ಬಿಡ್ತಾರ."

"ಹೇಳ್ತೀನಿ," ಎಂದ ಅವನು. ಆ ಒಂದು ಮಾತಿಗೆ ಅವನು ಏನು ಕೊಟ್ಟ ಎಂಬುದು ನನಗೆ ಗೊತ್ತು. ಬಣ್ಣ ಹಚ್ಚಿದ ಮನೆಯನ್ನು ನಾನು ನೋಡಿದ್ದೆ.

ನಿಲಂಗಾಕ್ಕೆ ಹೋಗುವಾಗ ಹಿರಿಯನೆಂದು ನನ್ನನ್ನು ಕರೆದುಕೊಂಡ. ಮಧ್ಯಾಹ್ನದ ಹೊತ್ತು. ಪ್ರಯಾಗಬಾಯಿ, ಅವಳ ಗಂಡ ಶಿವರಾಯ, ಶಿರೂರ ಅನಂತಪಾಳದಿಂದ ಬಂದ ಕಲ್ಯಾಣಪ್ಪ, ಎಲ್ಲರೂ ಕೂತಿದ್ದರು. ಕಲ್ಯಾಣಪ್ಪ ಎಂದರೆ ವೈಜನಾಥನ ತೀರಿಕೊಂಡ ತಂದೆಯ ಅಣ್ಣ, ಆ ಮನೆತನದಲ್ಲಿ ಅವನು ಆಡಿದ್ದೇ ಮಾತು. ವೈಜನಾಥ ಸುತ್ತು ಬಳಸದೆ ಹೇಳಿದ. "ಅಕ್ಕಾ, ನನ್ನ ಕಣ್ಣು ಹೋಗಲತ್ಯಾವ. ನಾ ಕುರುಡ ಆಗ್ತೀನಿ. ನಿನ್ನ ಮಗಳನ್ನ ನನಗ ಕೊಡಬ್ಯಾಡ."

ಪ್ರಯಾಗಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಾತಾಡಿದವನು ಕಲ್ಯಾಣಪ್ಪ.

"ಹಂಗಾದ್ರ ಇನ್ನಾ ಬರಾಬರ್ ಆತು. ಹೊರಗಿನ ಹುಡಗಿ ಕುರುಡನ ಮನ್ಯಾಗ ಇರ್ತಾಳೇನು? ನಮ್ಮ ಹುಡಗಿ ಆದ್ರ ಕೈ ಹಿಡದು ನಡಸ್ತಾಳ. ಲಗ್ನ ಲಗೂನ ಮಾಡ್ರಿ, ಇವಂಗ ಕಾಣೂದ್ರಾಗ ಆಗ್ಲಿ."

"ನಾ ಸಾಕಿದ ತಮ್ಮರೀ," ಎಂದು ಪ್ರಯಾಗಬಾಯಿ ಬಿಕ್ಕಿದಳು. "ನನ್ನ ಮಗಳು ನೋಡ್ಕೋತಾಳ." ಅವಳ ಅಳುವಿನಲ್ಲಿ ಕಪಟವಿರಲಿಲ್ಲ, ಅದೇ ನನಗೆ ಹೆದರಿಕೆ ತಂದಿತು. ಸ್ನೇಹಲ ಚಹದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಹುಡಗಿನ್ನ ಒಂದ ಮಾತ ಕೇಳ್ರಿ," ಎಂದೆ. "ಚಹಾ ತಗೋರಿ ಗುರುಜಿ," ಎಂದ ಕಲ್ಯಾಣಪ್ಪ.

ವೈಜನಾಥ ಎದ್ದು ನಿಂತ. "ನಾ ಲಗ್ನ ಆಗಂಗಿಲ್ಲ. ಸ್ನೇಹಲನ್ನೂ ಅಲ್ಲ, ಯಾರನ್ನೂ ಅಲ್ಲ."

ಪ್ರಯಾಗಬಾಯಿಯ ಅಳು ಅಲ್ಲಿಗೇ ನಿಂತಿತು. "ನನ್ನ ಕೈಲೆ ಉಂಡು ಬೆಳದು ನನ್ನ ಮಗಳನ್ನ ಬ್ಯಾಡ ಅಂದಿ. ಊರ ತುಂಬಾ ತಾರೀಖ ಹೇಳೀನಿ. ಇವತ್ತಿಂದ ನನಗ ತಮ್ಮ ಇಲ್ಲ, ಈ ಹೊಸ್ತಿಲ ತುಳೀಬ್ಯಾಡ." ಅವನು ಕೈ ಮುಗಿದು ಹೊರಬಂದ. ಚಪ್ಪಲಿ ಹುಡುಕಲು ಅವನಿಗೆ ಹೊತ್ತು ಹಿಡಿಯಿತು. ಯಾರೂ ಎತ್ತಿಕೊಡಲಿಲ್ಲ, ನಾನೇ ಕೊಟ್ಟೆ.

ಉಮರ್ಗಾ ಬಸ್ಸಿನಲ್ಲಿ ನಾನು ಅವನ ಬೆನ್ನು ತಟ್ಟಿದೆ. ಹುಡುಗಿ ಉಳಿದಳು ಎಂದೆ. ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡು, "ಗುರುಜಿ, ನಾ ಅರ್ಧಾ ಹೇಳೀನಿ," ಎಂದ. ಡಾಕ್ಟರು ಹೇಳಿದ್ದರಲ್ಲಿ ಇನ್ನೊಂದು ಮಾತಿತ್ತು. ಇದು ಅವನೊಬ್ಬನ ಕಣ್ಣಿನ ರೋಗವಲ್ಲ, ಮನೆತನದ ರಕ್ತದಲ್ಲಿದೆ. ಅಕ್ಕನಲ್ಲಿ, ಅಕ್ಕನ ಮಗಳಲ್ಲಿ, ಕಣ್ಣು ನೆಟ್ಟಗಿರುವ ಯಾರಲ್ಲಿ ಬೇಕಾದರೂ ಅಡಗಿರಬಹುದು. ಇನ್ನು ಮುಂದೆ ಒಳಗೊಳಗೇ ಹೆಣ್ಣು ಕೊಟ್ಟು ತರಬೇಡಿ, ಹುಟ್ಟುವ ಮಕ್ಕಳಿಗೆ ಬರುತ್ತದೆ ಎಂದಿದ್ದರು.

"ಅದನ್ಯಾಕ ಬಿಟ್ಟಿ? ಇಳಿ, ತಿರುಗಿ ಹೋಗೋಣ," ಎಂದು ನಾನು ಎದ್ದೇಬಿಟ್ಟೆ.

"ಹ್ಯಾಂಗ ಹೇಳ್ಲಿರಿ? ನಾ ಕುರುಡ ಅಂದ್ರ ನಾ ಒಬ್ಬವ ಉಳೀತೀನಿ. ರಕ್ತದಾಗ ಅದ ಅಂದ್ರ ಸ್ನೇಹಲನ್ನ ಯಾರ ತಗೋತಾರ? ಕುರುಡರ ಮನಿ ಹುಡಗಿ ಅಂತ ಹೆಸರು ಬೀಳ್ತದ."

ನಾನು ಮತ್ತೆ ಸೀಟಿನಲ್ಲಿ ಕೂತೆ. ನಮ್ಮ ಕಡೆ ಅಂಥ ಹೆಸರು ಬಿದ್ದ ಮನೆಗಳನ್ನು ನಾನು ಬಲ್ಲೆ.

ತಾರೀಖು ಹೋದೀತೆಂಬ ಚಿಂತೆ ಪ್ರಯಾಗಬಾಯಿಗೆ. ಅದನ್ನು ಕಲ್ಯಾಣಪ್ಪನೇ ಬಿಡಿಸಿದ. ತನ್ನ ಮಗ ಬಸವಕುಮಾರ ಇದ್ದಾನಲ್ಲ, ಸ್ನೇಹಲಳಿಗೆ ಅವನೂ ವರಸೆಯಲ್ಲಿ ಮಾಮಾನೇ. ಒಮ್ಮೆ ಪೆಟ್ಟು ತಿಂದವರಾದ್ದರಿಂದ ಈ ಸಲ ವರನ ಕಣ್ಣನ್ನು ಪರೀಕ್ಷೆ ಮಾಡಿದರಂತೆ. ಮುಸ್ಸಂಜೆ ಅಂಗಳದಲ್ಲಿ ನಿಲ್ಲಿಸಿ ಅತ್ತಿಂದ ಇತ್ತಿಂದ ಲಿಂಬೆಹಣ್ಣು ಎಸೆದರು, ಎಲ್ಲವನ್ನೂ ಹಿಡಿದ. ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿಸಿದರು, ತಡವರಿಸದೆ ಓದಿದ. ಹುಡುಗನ ಕಣ್ಣು ಹದ್ದಿನ ಕಣ್ಣು ಎಂದು ಪೇಢೆ ಹಂಚಿದರು. ಅದೇ ಕಾರ್ಯಾಲಯ, ಅದೇ ತಾರೀಖು.

ಸುದ್ದಿ ಕೇಳಿ ವೈಜನಾಥ ನಿಲಂಗಾಕ್ಕೆ ಓಡಿದ. ಹೆಸರು ಬಿದ್ದರೆ ಬೀಳಲಿ ಎಂದು ಇಡೀ ಮಾತು ಹೇಳಲು ಹೋದ. ಬಾಗಿಲು ತೆಗೆಯಲಿಲ್ಲ. ಸ್ನೇಹಲಳ ಮೊಬೈಲು ಕಸಿದುಕೊಂಡಿದ್ದರು, ಹಾಸ್ಟೆಲು ಬಿಡಿಸಿದ್ದರು. ನಾನು ಶಿವರಾಯನಿಗೆ ಫೋನು ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದೆ. "ಗುರುಜಿ, ಆಗ ಬ್ಯಾಡ ಅಂದವ ಈಗ ಹೊಟ್ಟಿಕಿಚ್ಚಿಗಿ ನಿಮ್ಮ ಕಡಿಂದ ಹೇಳಸಲತ್ಯಾನ. ಹುಡಗಿ ಲಗ್ನ ಕೆಡಸಬ್ಯಾಡ್ರಿ," ಎಂದು ಫೋನಿಟ್ಟ. ಎಷ್ಟು ಬೈದರೂ ನನ್ನ ಸಿಟ್ಟು ಆರಲಿಲ್ಲ. ಲಗ್ನ ಆಯಿತು.

ಅವಳನ್ನು ಮುಟ್ಟಲು ಇನ್ನುಳಿದದ್ದು ಆ ಆಟವೊಂದೇ. ಎಂದಾದರೂ ಯಾರದಾದರೂ ಮೊಬೈಲಿನಿಂದ ಬಂದಾಳು ಎಂದು ವೈಜನಾಥ ದಿನಾ ಸಂಜೆ ಕೋಟೆಯ ಹೊರಗಿನ ಅಂಗಳದಲ್ಲಿ ನಿಲ್ಲತೊಡಗಿದ. ಒಳಗೆ ಹೋಗುತ್ತಿರಲಿಲ್ಲ. ನಾನೂ ಪಕ್ಕದಲ್ಲಿ ನಿಲ್ಲುತ್ತಿದ್ದೆ, ಹೆಚ್ಚು ಮಾತಿಲ್ಲ. ಏನು ಹೇಳಬೇಕೆಂದು ಅವನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಮಕ್ಕಳ ವಿಚಾರಕ್ಕೆ ಮೊದಲು ಇಬ್ಬರೂ ದೊಡ್ಡ ಆಸ್ಪತ್ರೆಗೆ ಹೋಗಿ ರಕ್ತ ತೋರಿಸಿಕೊಳ್ಳಿ, ಅದಕ್ಕೊಂದು ಪರೀಕ್ಷೆ ಇದೆ, ಇಷ್ಟೇ.

ನಾಗರ ಪಂಚಮಿ ಕಳೆದ ಮೇಲೆ ಅವಳು ಬಂದಳು. ಗಂಡ ಮೊಬೈಲು ಮನೆಯಲ್ಲಿ ಬಿಟ್ಟು ಹೊಲಕ್ಕೆ ಹೋಗಿದ್ದನಂತೆ. "ಮಾಮಾ, ಗುರುಜಿ, ಇನ್ನಾ ಇಲ್ಲೇ ನಿಂತೀರೇನು?" ಎಂದು ನಕ್ಕಳು.

ವೈಜನಾಥ ಹೊತ್ತು ಕಳೆಯಲಿಲ್ಲ. "ಸ್ನೇಹಲ, ನಿನಗ ಒಂದ ಮಾತ ಹೇಳಬೇಕು. ಕೂಸಿನ ವಿಚಾರ..."

"ನಿನಗ ಯಾರ ಹೇಳಿದ್ರು?" ಅವಳು ನಡುವೆಯೇ ಹಿಡಿದುಕೊಂಡಳು. "ಅವ್ವ ಹೇಳಿಲ್ಲ ಬಿಡು, ಆಕಿ ನಿನ್ನ ಹೆಸರೇ ಎತ್ತಂಗಿಲ್ಲ. ಹೂಂ ಮಾಮಾ, ಐದನೇದು ನಡದದ. ಒದೀಲತ್ತದ. ಓದಂತೂ ಹೋತು, ಇದಾದ್ರೂ ನಂದು ಅನಸ್ತದ. ಯಾರ ಏನರ ಅನ್ಲಿ, ಹುಟ್ಟಿದ ಮ್ಯಾಲ ನಿನ್ನ ಕಡಿ ತರ್ತೀನಿ. ನಿನಗ ಕಾಣೂದ್ರಾಗ ಒಮ್ಮಿ ನೋಡು."

"ಛಲೋ ಆತವ್ವ," ಎಂದ ವೈಜನಾಥ. "ಉಣ್ಣಾಕ ಕಮ್ಮಿ ಮಾಡಬ್ಯಾಡ. ಭಾಳ ಛಲೋ ಆತು."

ಯಾರೋ ಕರೆದರೆಂದು ಅವಳು ಹೋದಳು. ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಹೇಳಬೇಕಿತ್ತು ಎಂದು ಬೈಯಲು ನನಗೆ ಬಾಯಿ ಬರಲಿಲ್ಲ, ನಾನೂ ಅಲ್ಲೇ ಇದ್ದೆ, ನಾನೂ ಹೇಳಿರಲಿಲ್ಲ.

"ಗುರುಜಿ," ಎಂದ ಅವನು ಕಡೆಗೆ, "ಹುಟ್ಟಿದ ಕೂಡಲೇ ಗೊತ್ತಾಗಂಗಿಲ್ರಿ ಅದು. ನನ್ನ ಕಣ್ಣು ಮೀಸಿ ಬರೂ ತನಕಾ ಛಲೋನೇ ಇದ್ವು."