ಅಲುಗಾಡುವ ಕಲ್ಲು

ನನ್ನ ಮಾವನವರಿಗೆ ಬೆನ್ನ ಹಿಂದೆ ನಾವಿಟ್ಟ ಹೆಸರು ‘ಸದ್ಯಕ್ಕೆ’. ಪಾರ್ಸೆಲ್ ಆಫೀಸಿನಲ್ಲಿ ಕಟ್ಟು ಕಟ್ಟಿ ನಿವೃತ್ತರಾದವರು. ಒಂದು ಮಾರು ಹುರಿ ಇದ್ದರೆ ಲೋಕದಲ್ಲಿ ಸರಿಹೋಗದ ವಸ್ತುವೇ ಇಲ್ಲ ಎಂಬುದು ಅವರ ನಂಬಿಕೆ. ಪ್ಲಂಬರ್ ಆಗಲಿ ಬಡಗಿಯಾಗಲಿ ಅವರ ಮನೆಗೆ ಕಾಲಿಟ್ಟಿದ್ದನ್ನು ನಾನು ಕಂಡಿಲ್ಲ. ಗೇಟಿನ ಚಿಲಕ ಮುರಿದರೆ ತಂತಿ ಸುತ್ತಿ, “ಸದ್ಯಕ್ಕೆ ಆಯ್ತು, ಆಮೇಲೆ ನೋಡೋಣ” ಅನ್ನುತ್ತಿದ್ದರು. ಆ ‘ಆಮೇಲೆ’ ಮಾತ್ರ ಬಂದದ್ದೇ ಇಲ್ಲ. ನನ್ನ ಮದುವೆಯ ವರ್ಷ ಅಡುಗೆಮನೆಯ ಕಿಟಕಿ ಸಂದಿಗೆ ಸದ್ಯಕ್ಕೆಂದು ತುರುಕಿದ ರಟ್ಟು ನನ್ನ ಮಗಳು ಕಾಲೇಜಿಗೆ ಸೇರುವಾಗಲೂ ಅಲ್ಲೇ ಇತ್ತು.

ಇಂಥ ಮನೆಯನ್ನು ಬಳಸುವ ವಿದ್ಯೆ ಅತ್ತೆಯೊಬ್ಬರಿಗೇ ಗೊತ್ತಿತ್ತು. ಬಚ್ಚಲ ಬಾಗಿಲನ್ನು ತುಸು ಮೇಲೆತ್ತಿ ಭುಜ ಕೊಟ್ಟು ತಳ್ಳಬೇಕು. ಹಿತ್ತಿಲ ನಲ್ಲಿಯನ್ನು ಉಲ್ಟಾ ತಿರುಗಿಸಬೇಕು. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಚಪ್ಪಡಿ ಅಲುಗಾಡುತ್ತಿತ್ತು, ಅದರ ಮೇಲೆ ನೋಡಿಕೊಂಡು ಕಾಲಿಡಬೇಕು. ಯಾರಾದರೂ ಬಚ್ಚಲಲ್ಲಿ ಸಿಕ್ಕಿಕೊಂಡು ಬಾಗಿಲು ಬಡಿದರೆ ಅತ್ತೆ ಒಲೆಯ ಮುಂದಿನಿಂದಲೇ “ಎತ್ತಿ, ಆಮೇಲೆ ಎಳೀರಿ” ಎಂದು ಹೇಳಿಕೊಡುತ್ತಿದ್ದರು. ಅಳಿಯನಾಗಿ ಮೊದಲ ಸಲ ಹೋದ ದಿನವೇ ನನಗೂ ಆ ಪಾಠವಾಯಿತು.

ಅತ್ತೆಯ ಕಣ್ಣು ಬರಬರುತ್ತ ಮಂಜಾಯಿತು. ಆಪರೇಷನ್ ಮಾಡಿಸಿದೆವು, ಉಪಯೋಗವಾಗಲಿಲ್ಲ. ಆಸ್ಪತ್ರೆಯಿಂದ ನೇರವಾಗಿ, ಎರಡು ಬೀದಿ ಆಚೆಗಿನ ನಮ್ಮ ಮನೆಗೇ ಕರೆತಂದೆವು. ನಮ್ಮದು ಹೊಸ ಮನೆ. ನೆಲವೆಲ್ಲ ನುಣುಪು, ಬಾಗಿಲುಗಳೆಲ್ಲ ಒಂದೇ ಥರ. ಗೋಡೆ ಸವರಿ ಸವರಿ ಅತ್ತೆ ಸೋತರು. ಎಲ್ಲಿಗೆ ಹೋಗುವುದಿದ್ದರೂ ನನ್ನ ಹೆಂಡತಿ ಕೈ ಹಿಡಿಯಬೇಕಾಯಿತು. ಅದು ಅವರಿಗೆ ನುಂಗಲಾರದ ತುತ್ತು.

“ನನ್ನನ್ನ ನನ್ನ ಮನೇಲಿ ಬಿಟ್ಬಿಡಿ. ಅಲ್ಲಿ ನಂಗೆ ಯಾರ ಕೈಯೂ ಬೇಡ,” ಅಂದರು.

“ಆ ಮನೇಲಿ ಕಣ್ಣಿರೋರೇ ಬೀಳ್ತಾರಮ್ಮ,” ಎಂದು ನನ್ನ ಹೆಂಡತಿ ಮಾವನ ಮುಖ ನೋಡಿದಳು. ಕೊನೆಗೆ ಒಂದು ಒಪ್ಪಂದವಾಯಿತು. ಅಲ್ಲಿ ಒಬ್ಬರೇ ಓಡಾಡಿ ತೋರಿಸಬೇಕು. ಆಗದಿದ್ದರೆ ವಾಪಸ್ ಬಂದು ನಮ್ಮಲ್ಲೇ ಇರಬೇಕು.

ಮಾವ ಮಾರನೆಯ ದಿನವೇ ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಣಿಸಿಕೊಂಡರಂತೆ. ಅಂಗಡಿಯವನು ಇವರು ದಾರಿ ತಪ್ಪಿ ಬಂದಿರಬೇಕು ಅಂದುಕೊಂಡನಂತೆ. ಆಳು ಕರೆಸುತ್ತೇನೆಂದು ನಾನು ಹೇಳಿದ್ದಕ್ಕೆ, “ಬೇಡಪ್ಪ. ಕೆಡಿಸಿದೋನು ನಾನು, ನಾನೇ ಸರಿ ಮಾಡ್ತೀನಿ,” ಅಂದರು. ಬಚ್ಚಲ ಬಾಗಿಲನ್ನು ಕಳಚಿ, ಸಡಿಲವಾಗಿದ್ದ ಸ್ಕ್ರೂ ತೂತುಗಳಿಗೆ ಮರದ ಚೂರು ಬಡಿದು, ಅಡಿಯನ್ನು ಉಜ್ಜಿ ಮತ್ತೆ ಕೂರಿಸಿದರು. ಗೇಟಿಗೆ ಹೊಸ ಚಿಲಕ ಹಾಕಿ ಕಿರುಗುಟ್ಟುತ್ತಿದ್ದ ತಿರುಗಣಿಗೆ ಎಣ್ಣೆ ಬಿಟ್ಟರು. ನಲ್ಲಿ ಹೊಸದಾಯಿತು. ಹಿತ್ತಿಲ ದಾರಿಗೆ ಚಾಚಿಕೊಂಡಿದ್ದ ಗಿಡಗಳನ್ನು ನೀಟಾಗಿ ಕತ್ತರಿಸಿದರು. ಚಪ್ಪಡಿಯ ಕೆಳಗೆ ಮರಳು ತುಂಬಿ, ಮೇಲೆ ರಸಮಟ್ಟ ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲುವವರೆಗೆ ಬಡಿದು ಕೂರಿಸಿದರು. ಇಷ್ಟು ಚೆನ್ನಾಗಿ ಮಾಡಲು ಬರುತ್ತಿದ್ದವರು ಇಷ್ಟು ವರ್ಷ ನಮ್ಮನ್ನು ಯಾಕೆ ಗೋಳುಹೊಯ್ದುಕೊಂಡರೋ ಎಂದು ನನಗೆ ಸಿಟ್ಟೇ ಬಂತು.

ಅತ್ತೆಯನ್ನು ಕರೆತಂದೆವು. ಗೇಟು ಸದ್ದಿಲ್ಲದೆ ತೆರೆಯಿತು. ನಾಲ್ಕು ಹೆಜ್ಜೆ ಒಳಗೆ ಬಂದು ಅವರು ನಿಂತರು.

“ಗೇಟು ಇನ್ನೂ ಬರ್ಲಿಲ್ವಾ?”

“ಒಳಗೇ ಬಂದಿದೀಯಲ್ಲೇ,” ಎಂದರು ಮಾವ, ಹೆಮ್ಮೆಯಿಂದ.

ಬಚ್ಚಲ ಬಾಗಿಲನ್ನು ಅತ್ತೆ ಎಂದಿನಂತೆ ಎತ್ತಿ ಭುಜ ಕೊಟ್ಟರು. ಅದು ಸರಕ್ಕನೆ ತೆರೆದುಕೊಂಡು ಅವರು ಮುಗ್ಗರಿಸಿದರು. ಏನೂ ಆಗಲಿಲ್ಲ. ಹಿತ್ತಿಲಿಗೆ ಹೋದರು. ನಲ್ಲಿಯ ಕಡೆ ತಿರುಗುವ ಜಾಗ ದಾಟಿತು, ಅವರು ನೆಟ್ಟಗೆ ನಡೆದೇ ನಡೆದರು. ನಾವು ಓಡುವಷ್ಟರಲ್ಲಿ ಕಾಂಪೌಂಡ್ ಗೋಡೆಗೆ ಮಂಡಿ ತಾಗಿ ಅಲ್ಲೇ ಕೂತುಬಿಟ್ಟರು. ಚರ್ಮ ತರಚಿ ರಕ್ತ ಬಂದಿತ್ತು.

“ಇದ್ಯಾರ ಮನೆಗೆ ಕರ್ಕೊಂಡ್ ಬಂದ್ರಿ?” ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ವಾಸಿಯಿತ್ತು.

ಮಂಡಿ ಸವರಿಕೊಳ್ಳುತ್ತ ಅವರೇ ಅಂದರು, “ಗಿಡ ತೋಳಿಗೆ ತಾಗುತ್ತೆ, ಆಮೇಲೆ ಕಲ್ಲು ಲೊಟಕ್ ಅನ್ನುತ್ತೆ, ಅಲ್ಲಿ ಬಲಕ್ಕೆ ತಿರುಗೋದು. ಕಣ್ಣು ಮಂಜಾದ ಮೇಲೆ ನಾನು ನಡೀತಿದ್ದದ್ದೇ ಹಾಗೆ. ಯಾವ್ದೂ ಸಿಗ್ಲಿಲ್ಲ.”

ನನ್ನ ಹೆಂಡತಿ ಕಣ್ಣೊರೆಸಿಕೊಂಡು ಅಮ್ಮನ ಬಟ್ಟೆಯ ಬ್ಯಾಗು ಕೈಗೆತ್ತಿಕೊಂಡಳು.

“ಬ್ಯಾಗು ಕೆಳಗಿಡಮ್ಮ,” ಎಂದ ಮಾವ ಹಾರೆ ತಂದು ಚಪ್ಪಡಿ ಎಬ್ಬಿಸಿದರು. ಒಂದು ಬದಿಯ ಮರಳನ್ನು ಕೈಯಿಂದ ಬಾಚಿ ತೆಗೆದು, ಕಲ್ಲು ಇಳಿಸಿ, ಮೇಲೆ ಕಾಲಿಟ್ಟರು.

“ಹೀಗಾ?”

“ಊಹೂಂ. ಇನ್ನೂ ದಪ್ಪ ಸದ್ದು.”

ಮತ್ತೆ ಎಬ್ಬಿಸಿದರು, ಮತ್ತೆ ಬಾಚಿದರು. ಅಂಗಿ ಬೆವರಿಗೆ ಅಂಟಿಕೊಂಡಿತು. ಕೂತಲ್ಲಿಂದಲೇ ಕಿವಿಗೊಟ್ಟು ಅಲ್ಲ, ಅಲ್ಲ ಅನ್ನುತ್ತಿದ್ದ ಅತ್ತೆ ಕೊನೆಗೊಮ್ಮೆ ತಲೆಯಾಡಿಸಿ ಎದ್ದರು. ಹಿತ್ತಿಲ ಬಾಗಿಲಿಗೆ ಹೋಗಿ ಅಲ್ಲಿಂದ ನಡೆದುಬಂದರು. ಕಲ್ಲು ಲೊಟಕ್ ಎಂದಿತು. ಬಲಕ್ಕೆ ತಿರುಗಿ, ಕೈ ಚಾಚಿ, ನೇರ ನಲ್ಲಿಯನ್ನೇ ಹಿಡಿದರು.

ಮಾವ ಹಳೇ ಚಾಳಿಯಲ್ಲಿ, “ಸದ್ಯಕ್ಕೆ ಹೀಗಿರ್ಲಿ,” ಅಂದರು.

“ಸದ್ಯಕ್ಕಲ್ಲ ರೀ,” ಅಂದರು ಅತ್ತೆ. “ನಾನಿರೋವರ್ಗೂ.”

ನನ್ನ ಹೆಂಡತಿ ಬ್ಯಾಗಿನ ಬಟ್ಟೆಗಳನ್ನು ಬೀರುವಿನಲ್ಲಿಡಲು ಒಳಗೆ ಹೋದಳು.