ನೀಲಾ ಮೇಡಂ ಸಿಟ್ಟು

ಸಿಟ್ಟು ಬಂದಾಗ ನೀಲಾಳ ದನಿ ಇಳಿಯುತ್ತದೆ. ಹೈದರಾಬಾದಿನ ಆ ಸರ್ಕಾರಿ ಮಹಿಳಾ ಕಾಲೇಜಿನಲ್ಲಿ ಜವಾನರಿಂದ ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಇದು ಗೊತ್ತು. ಸಸ್ಯಶಾಸ್ತ್ರದ ಮೇಡಂ ಮೆಲ್ಲಗೆ ಮಾತಾಡತೊಡಗಿದರೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

ಅವಳ ಅಪ್ಪ ಶಿವಾನಂದ ಬೀದರ ಜಿಲ್ಲೆಯ ಔರಾದ ಕಡೆಯವರು. ಹೊಲಗೇರಿಯಿಂದ ಐಟಿಐ ಓದಿ ಹೊರಬಿದ್ದು, ಹೈದರಾಬಾದಿನ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿ, ಅಲ್ಲಿಯೇ ನಿವೃತ್ತರಾದರು. ನೀಲಾ ಬೆಳೆದದ್ದೂ ಅಲ್ಲಿಯೇ. ಮನೆಯೊಳಗೆ ಕನ್ನಡ, ಹೊಸ್ತಿಲ ಆಚೆ ತೆಲುಗು, ಬಸ್ಸಿನಲ್ಲಿ ಹಿಂದಿ. ಎಂ.ಎಸ್ಸಿ ಮುಗಿಸಿ ಸಂಶೋಧನೆಗೆ ಸೇರಿದ ಮೇಲೆ ಅವಳ ಪ್ರಬಂಧ ಪುಣೆಯ ಒಂದು ಸಮ್ಮೇಳನಕ್ಕೆ ಆಯ್ಕೆಯಾಯಿತು. ರೈಲಿನ ಟಿಕೆಟ್ಟೂ ಆಯಿತು. ಹೊರಡುವ ಮುನ್ನಾದಿನ ಗೈಡು ಕರೆದು, ಅಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ನೀನು ತಡವರಿಸುತ್ತೀಯ, ವಿಭಾಗದ ಮರ್ಯಾದೆಯ ವಿಷಯ ಎಂದು ಹೇಳಿ, ಅವಳ ಸ್ಲೈಡುಗಳನ್ನು ತಮ್ಮ ಇನ್ನೊಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟರು. ಅವನು ಹೋದ, ಬಹುಮಾನ ತಂದ. ನೀಲಾಳಿಗೆಂದು ಅಲ್ಲಿಯ ತಿಂಡಿ, ಒಂದು ಡಬ್ಬಿ ಬಾಕರವಡಿಯನ್ನೂ ತಂದಿದ್ದ. ಡಬ್ಬಿಯನ್ನು ಬಿಚ್ಚದೆ ಅವನ ಮೇಜಿನ ಮೇಲೆಯೇ ಇಟ್ಟು ಬಂದಳು.

ತಾನೇ ಮೇಡಂ ಆದ ಮೇಲೆ ಅವಳಿಗೆ ಒಂದು ಹಟ ಹಿಡಿಯಿತು. ಯಾವ ಹುಡುಗಿಯನ್ನು ಯಾರೂ ಕರೆಯುವುದಿಲ್ಲವೋ ಅವಳನ್ನೇ ಸಮ್ಮೇಳನಕ್ಕೆ ಕರೆದೊಯ್ಯಬೇಕು. ವರಂಗಲ್ಲಿಗೆ, ತಿರುಪತಿಗೆ, ಕಲಬುರಗಿಗೆ ಕರೆದೊಯ್ದಳು. ತಾಂಡಾದ ಹುಡುಗಿಯರು, ದಲಿತರ ಕೇರಿಯವರು, ಹಳೆಯ ಹೈದರಾಬಾದಿನ ಬುರ್ಖಾದ ಹುಡುಗಿಯರು. ಅವರವರ ಮನೆಗೆ ಹೋಗಿ ಒಪ್ಪಿಸಿ ಬರುವುದೇ ಒಂದು ದೊಡ್ಡ ಕೆಲಸವಾಗಿತ್ತು.

ನಿರೀಕ್ಷಾಳ ಮನೆಗೂ ಹಾಗೆಯೇ ಹೋಗಿದ್ದಳು. ನಿರೀಕ್ಷಾ ಅವಳದೇ ಕಾಲೇಜಿನ ಎಂ.ಎಸ್ಸಿ ವಿದ್ಯಾರ್ಥಿನಿ. ತಂದೆ ಹನುಮಂತ ಯಾದಗಿರಿ ಕಡೆಯಿಂದ ಬಂದ ಗೌಂಡಿ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಮನೆ ಕಟ್ಟುವವನು. ಅವಳ ತಾಯಿ ಚಹಾ ಕೊಡುತ್ತ ಕೇಳಿದಳು:

"ಕಾನ್ಫರೆನ್ಸ್ ಅಂದ್ರ ಏನ್ರಿ ಬಾಯಾರ? ಮದುವಿ ಇದ್ದಂಗೇನ್ರಿ?"

"ಹಂಗ ಅನ್ಕೋರಿ. ಮಂದಿ ಕೂಡ್ತಾರ, ಊಟ ಇರತೈತಿ, ಯಾರು ಯಾರ ಕಡಿಯವರು ಅಂತ ನೋಡ್ತಾರ. ನಿಮ್ಮ ಮಗಳು ತಾ ಕಂಡಿದ್ದು ಹೇಳಿ ಬರ್ತಾಳ."

ನಿರೀಕ್ಷಾ ಕಂಡದ್ದು ಕಲ್ಲುಹೂವನ್ನು. ಮಸಾಲೆಗೆ ಹಾಕುತ್ತಾರಲ್ಲ, ಅದೇ ಕುಲದವು. ಬಂಡೆಗೆ ಅಂಟಿಕೊಂಡು ಬೂದಿ, ಹಸಿರು, ಕೇಸರಿ ಬಣ್ಣದಲ್ಲಿ ಹಬ್ಬುತ್ತವೆ. ಗಾಳಿ ಕೆಟ್ಟರೆ ಮೊದಲು ಸಾಯುವುದು ಅವೇ. ಹೈದರಾಬಾದಿನಲ್ಲಿ ಬಂಡೆಗಳಿಗೇನು ಬರ? ಕಾರ್ಖಾನೆಗಳ ಸುತ್ತಲಿನ ಬಂಡೆ, ಕೆರೆದಂಡೆಯ ಬಂಡೆ, ಊರಾಚೆಯ ಬಂಡೆ ಎಂದು ಬಿಸಿಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಯಾವ ಜಾತಿಯ ಕಲ್ಲುಹೂವು ಎಲ್ಲಿ ಉಳಿದಿದೆ, ಎಲ್ಲಿ ಅಳಿದಿದೆ ಎಂದು ಅವಳು ಗುರುತಿಸಿದ್ದಳು. ಆ ಪ್ರಬಂಧವನ್ನು ತಜ್ಞರು ಓದಿ, ಹೈದರಾಬಾದಿನದೇ ಮಾದಾಪುರದ ದೊಡ್ಡ ಹೋಟೆಲಿನಲ್ಲಿ ನಡೆಯಲಿದ್ದ ರಾಷ್ಟ್ರೀಯ ಸಮ್ಮೇಳನದ ಮುಖ್ಯ ಗೋಷ್ಠಿಗೆ ಆರಿಸಿದ್ದರು. ಶುಲ್ಕವನ್ನು ಸಮ್ಮೇಳನದ ಸಹಾಯನಿಧಿಯೇ ಭರಿಸುತ್ತದೆ ಎಂದೂ ತಿಳಿಸಿದ್ದರು.

ಸಮ್ಮೇಳನದ ಬೆಳಿಗ್ಗೆ ನೀಲಾ, ನಿರೀಕ್ಷಾ ಇಬ್ಬರೂ ಹಬ್ಸಿಗೂಡದವರೆಗೆ ಆಟೋದಲ್ಲಿ ಬಂದು ಮೆಟ್ರೋ ಹಿಡಿದರು. ದಾರಿಯುದ್ದಕ್ಕೂ ನಿರೀಕ್ಷಾ ಕಿಟಕಿಗೆ ಮುಖ ಮಾಡಿ ತನ್ನ ಭಾಷಣವನ್ನು ತುಟಿಯಲ್ಲೇ ಒಪ್ಪಿಸಿಕೊಳ್ಳುತ್ತಿದ್ದಳು.

ಹೋಟೆಲಿನ ಬಾಗಿಲಲ್ಲಿ ಹೆಸರು ಹೇಳಿದ ಕೂಡಲೇ ಮೊದಲ ಪೆಟ್ಟು ಬಿತ್ತು. ಬಂದವರ ಕೊರಳಿಗೆ ಗುರುತುಚೀಟಿಯ ಕಪ್ಪು ಪಟ್ಟಿ. ನಿರೀಕ್ಷಾಳಿಗೆ ಕೊಟ್ಟದ್ದು ಹಳದಿ. ಅದರ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಸಹಾಯ ಪಡೆದ ವಿದ್ಯಾರ್ಥಿ’ ಎಂದು ಬರೆದಿತ್ತು. ದೂರದಲ್ಲಿ ಅಂಥವೇ ಹಳದಿ ಕೊರಳುಗಳು ಕೆಲವು ಗೋಡೆಗೆ ಆತು ನಿಂತಿದ್ದವು. ಎರಡನೆಯ ಪೆಟ್ಟು ಕಾರ್ಯಕ್ರಮದ ಪಟ್ಟಿ ನೋಡಿದಾಗ. ಬೆಳಗಿನ ಗೋಷ್ಠಿಯಲ್ಲಿ ನಿರೀಕ್ಷಾಳ ಹೆಸರು ಇರಲಿಲ್ಲ.

ಸಂಘಟಕ ಡಾ. ಶ್ರೀಹರ್ಷ ಕೈಮುಗಿಯುತ್ತ ಬಂದರು. ನಾಲ್ಕು ತಲೆಮಾರಿನಿಂದ ಹೈದರಾಬಾದಿನಲ್ಲಿ ಸರ್ಕಾರಿ ಹುದ್ದೆಗಳಲ್ಲಿದ್ದ ಕನ್ನಡ ಮನೆತನದವರು. ಕನ್ನಡದವರು ಎಂದು ನೀಲಾಳ ಮೇಲೆ ಅವರಿಗೆ ಒಂದು ಬಗೆಯ ವಿಶ್ವಾಸವೂ ಇತ್ತು.

"ಬರ್ರಿ ನೀಲಾ ಅವರ. ನಿಮ್ಮ ಹುಡುಗಿನ್ನ ಮಧ್ಯಾಹ್ನದ ಸ್ಫೂರ್ತಿ ಗೋಷ್ಠಿಗೆ ಹಾಕೇವಿ. ದೊಡ್ಡ ಸಭಾ ಅದ, ಸಹಾಯ ಕೊಟ್ಟ ಕಂಪನಿಯವರೆಲ್ಲಾ ಬರ್ತಾರ."

"ಅಲ್ಲಿ ಆಕಿ ಸಂಶೋಧನೆ ಯಾರು ಕೇಳ್ತಾರ್ರಿ?"

"ಸಂಶೋಧನೆ ಅಲ್ರೀ. ಆಕಿ ತನ್ನ ಕತಿ ಹೇಳಲಿ. ತಂದಿ ಗೌಂಡಿ ಕೆಲಸಾ ಮಾಡ್ತಾರಂತಲ್ಲ? ತಗಡಿನ ಶೆಡ್ಡಿನ್ಯಾಗ ಕೂತು ಹೆಂಗ ಓದಿದ್ಲು, ಅದನ್ನ ಐದು ನಿಮಿಷ ಹೇಳಿದ್ರ ಸಾಕು. ಮಂದಿ ಮನಸ್ಸಿಗೆ ತಟ್ಟತದ. ಮುಂದಿನ ವರ್ಷ ಇನ್ನೂ ನಾಕು ಮಕ್ಕಳಿಗೆ ಅನುಕೂಲ ಆಗ್ತದ."

ನೀಲಾಳ ದನಿ ಇಳಿಯಿತು. "ಆಕಿ ಜಾಗಾದಾಗ ಯಾರು ಮಾತಾಡ್ತಾರ್ರಿ?"

"ನಿಶಾಂತ ಅಂತ, ಭಾಳ ದೊಡ್ಡ ಸಂಸ್ಥಾದ ಹುಡುಗ."

"ಅವರಪ್ಪ ಏನ್ ಕೆಲಸಾ ಮಾಡ್ತಾರ?"

ಶ್ರೀಹರ್ಷ ತಬ್ಬಿಬ್ಬಾದರು. "ಅದ್ಯಾಕ ಬೇಕ್ರಿ ಇಲ್ಲಿ?"

"ಅದನ್ನ ನಾನೂ ಕೇಳಾಕತ್ತೀನ್ರಿ."

"ನೀವು ಎಲ್ಲಾನೂ ಹಿಂಗ ಉಲ್ಟಾ ತಗೋಬ್ಯಾಡ್ರಿ. ನಾವು ಸಹಾಯ ಮಾಡ್ಲಿಕ್ಕೇ ನಿಂತೇವಿ," ಎಂದು ಅವರು ಯಾರನ್ನೋ ಸ್ವಾಗತಿಸಲು ಹೊರಟುಹೋದರು.

ನೀಲಾಳಿಗೆ ಮೈಯೆಲ್ಲ ಉರಿಯಿತು. ಪುಣೆಗೆ ಕಳಿಸದ ಗೈಡು ಕನಿಷ್ಠ ಮುಖಕ್ಕೆ ಹೊಡೆದಂತೆ ಹೇಳಿದ್ದ. ಇವರು ಕೈಹಿಡಿದು ಕರೆತಂದು, ಹಾರ ಹಾಕಿ, ಬಾಯಿ ಕಟ್ಟುತ್ತಿದ್ದಾರೆ!

"ನಡಿ ನಿರೀಕ್ಷಾ, ಹೋಗೋಣು. ನೀ ಇವರ ಕೋಲೆಬಸವ ಆಗೂದು ಬ್ಯಾಡ."

ನಿರೀಕ್ಷಾ ಕದಲಲಿಲ್ಲ. "ನಾವು ಹೋದ್ರ ಅವರಿಗೆ ಸಲೀಸಾಕೈತ್ರಿ ಮೇಡಂ. ಐದು ನಿಮಿಷ ಕೊಟ್ಟಾರಲ್ರಿ. ಕೊಟ್ಟಿದ್ದನ್ನ ಯಾಕ ಬಿಡೂದು?"

ಬೆಳಗಿನ ಗೋಷ್ಠಿಯಲ್ಲಿ ನಿಶಾಂತ ಚೆನ್ನಾಗಿಯೇ ಮಾತಾಡಿದ. ನಿನ್ನೆ ಸಂಜೆಯಷ್ಟೇ ತನಗೆ ಫೋನು ಬಂತೆಂದು ಚಹಾದ ಹೊತ್ತಿಗೆ ಸಂಕೋಚದಿಂದ ಹೇಳಿಯೂ ಹೇಳಿದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ನೀಲಾಳಿಂದ ಆಗಲಿಲ್ಲ. ಅವನನ್ನು ನಾಲ್ಕೂ ಕಡೆಯಿಂದ ಪ್ರಶ್ನೆ ಕೇಳಿದರು, ತಿದ್ದಿದರು, ಹೊಗಳಿದರು. ಅವನ ತಂದೆ ತಾಯಿ ಯಾರೆಂದು ಯಾರೂ ಕೇಳಲಿಲ್ಲ.

ಊಟದ ನಂತರ ಹಳದಿ ಪಟ್ಟಿಯವರನ್ನು ವೇದಿಕೆಯ ಪಕ್ಕ ಸಾಲಾಗಿ ಕೂರಿಸಿದರು. ಮೊದಲು ಎದ್ದ ಹುಡುಗ ತನ್ನ ತಾಯಿ ಬೀಡಿ ಕಟ್ಟುವುದನ್ನು ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಚಪ್ಪಾಳೆ ಬಿತ್ತು, ಮೊಬೈಲುಗಳು ಮೇಲೆದ್ದವು. ಅವನು ಯಾವ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದ ಎಂಬುದು ಆ ಸಭೆಗೆ ಕೊನೆಗೂ ತಿಳಿಯಲಿಲ್ಲ. ನೀಲಾ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

ನಿರೀಕ್ಷಾಳ ಸರದಿ ಬಂತು. ಅವಳು ನೇರ ಕಂಪ್ಯೂಟರಿನವನ ಬಳಿ ಹೋಗಿ ಪೆನ್‌ಡ್ರೈವ್ ಕೊಟ್ಟಳು. ಪರದೆಯ ಮೇಲೆ ಒಂದು ಬಂಡೆ ಮೂಡಿತು, ಅದರ ಮೇಲೆ ಕೇಸರಿ ಬಣ್ಣದ ಕಲ್ಲುಹೂವು. ಅವಳು ಇಂಗ್ಲಿಷಿನಲ್ಲಿ, ಮೆಟ್ರೋದಲ್ಲಿ ಒಪ್ಪಿಸಿಕೊಂಡಂತೆಯೇ, ಶುರುಮಾಡಿದಳು. ಸಭೆ ಒಂದು ಕ್ಷಣ ಕಕ್ಕಾಬಿಕ್ಕಿಯಾಯಿತು. ನಿರೂಪಕಿ ಮೈಕು ಹಿಡಿದು ನಗುತ್ತ ನಡುವೆ ಬಂದಳು: "ತುಂಬಾ ಚೆನ್ನಾಗಿದೆ! ನಿಮ್ಮ ತಂದೆಯವರ ಬಗ್ಗೆ ಎರಡು ಮಾತು ಹೇಳಿ."

"ಅಪ್ಪ ಆರಾಮ ಇದ್ದಾರೆ, ಥ್ಯಾಂಕ್ಯೂ," ಎಂದಳು ನಿರೀಕ್ಷಾ. ನಂತರ ಕಂಪ್ಯೂಟರಿನವನಿಗೆ: "ಮುಂದಿನ ಸ್ಲೈಡ್ ಹಾಕಿ."

ಯಾರೋ ನಕ್ಕರು. ಮುಂದಿನ ಸಾಲಿನ ಕಂಪನಿಯವರು ಮೊಬೈಲು ನೋಡತೊಡಗಿದರು. ಆದರೆ ಹಿಂದಿನ ಸಾಲಿನಲ್ಲಿ ಕೂತಿದ್ದ, ಧಾರವಾಡದಿಂದ ಬಂದಿದ್ದ ಹಿರಿಯ ವಿಜ್ಞಾನಿ ಮಂದಾಕಿನಿ ಕೈಯೆತ್ತಿದರು. ಬಂಡೆಯ ಇಳಿಜಾರು, ಬಿಸಿಲು ಬೀಳುವ ದಿಕ್ಕು ಇವನ್ನೆಲ್ಲ ಗಣನೆಗೆ ತೆಗೆದುಕೊಂಡಿದ್ದೀಯಾ? ಗಾಳಿಯೊಂದೇ ಕಾರಣ ಎಂದು ಹೇಗೆ ಹೇಳುತ್ತೀ? ದಿಕ್ಕು ನೋಡಿದ್ದೇನೆ, ಇಳಿಜಾರು ನೋಡಿಲ್ಲ ಎಂದಳು ನಿರೀಕ್ಷಾ. ಅಷ್ಟರಲ್ಲಿ ಸಮಯ ಮುಗಿಯಿತೆಂದು ಮೈಕು ಬಂದಾಯಿತು. ಎಲ್ಲರೂ ಫೋಟೋಕ್ಕೆ ನಿಂತಾಗ ನಿರೀಕ್ಷಾ ಅಲ್ಲಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು ಮಂದಾಕಿನಿಯವರಿಗೆ ಲ್ಯಾಪ್‌ಟಾಪಿನಲ್ಲಿ ಬಂಡೆಗಳನ್ನು ತೋರಿಸುತ್ತಿದ್ದಳು.

ಹೊರಗೆ ಶ್ರೀಹರ್ಷ ಕೆಂಪಗಾಗಿದ್ದರು. "ನಮ್ಮವರು ಅಂತ ಕರೆದ್ರ ಹಿಂಗ ಮಾನ ಕಳದ್ರಲ್ರೀ!"

"ನಮ್ಮವರು ಅಂತ ಕರದಿದ್ರ ಕೊರಳಿಗೆ ಹಳದಿ ಪಟ್ಟಿ ಯಾಕ್ರಿ?" ನೀಲಾ ಕೇಳಿದಳು, ಅವರಿಗಷ್ಟೇ ಕೇಳುವಷ್ಟು ಮೆಲ್ಲಗೆ.

ಮುಂದೆ ಆಗಬೇಕಾದ್ದು ಆಯಿತು. ಕಾಲೇಜಿಗೆ ದೂರು ಹೋಯಿತು. ಪ್ರಿನ್ಸಿಪಾಲರು ಕರೆದು, ಒಂದು ಕ್ಷಮೆ ಕೇಳಿಬಿಡಿ ಎಂದರು. ಯಾವ ತಪ್ಪಿಗೆ ಎಂದು ಮೆಲ್ಲಗೆ ಕೇಳಿ ನೀಲಾ ಎದ್ದು ಬಂದಳು. ಸಮ್ಮೇಳನದ ಸಲಹಾ ಸಮಿತಿಯಲ್ಲಿ ಹೆಸರಿಗಷ್ಟೇ ಇದ್ದ ಅವಳನ್ನು ತೆಗೆದುಹಾಕಿದರು. ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ವೇದಿಕೆಯ ಮೇಲಿನ ನಿರೀಕ್ಷಾಳ ಫೋಟೋ ಬಂತು, ಕೆಳಗೆ ‘ಬಡತನವನ್ನು ಮೆಟ್ಟಿ ನಿಂತ ಗೌಂಡಿಯ ಮಗಳು’ ಎಂದು. ಕಲ್ಲುಹೂವಿನ ಸುದ್ದಿಯೇ ಇರಲಿಲ್ಲ. ತಿದ್ದಿಸಲು ನೀಲಾ ಮತ್ತೆ ಮತ್ತೆ ಫೋನು ಮಾಡಿದಳು. ನೋಡೋಣ ಎಂದರು, ನೋಡಲಿಲ್ಲ. ಮರುವರ್ಷ ಅದೇ ಸಮ್ಮೇಳನ ಕಾಲೇಜಿನಿಂದ ಇಬ್ಬರು ವಿದ್ಯಾರ್ಥಿನಿಯರ ಹೆಸರು ಕೇಳಿತು, ಜೊತೆಗೆ ಅವರ ಕುಟುಂಬದ ಹಿನ್ನೆಲೆಯನ್ನೂ. ಹಿನ್ನೆಲೆ ಎಂದಿದ್ದ ಕಡೆ ನೀಲಾ ಇಬ್ಬರಿಗೂ ‘ಸಸ್ಯಶಾಸ್ತ್ರ’ ಎಂದು ಬರೆದು ಕಳಿಸಿದಳು. ಇಬ್ಬರೂ ಆಯ್ಕೆಯಾಗಲಿಲ್ಲ.

ಆ ಚಳಿಗಾಲದಲ್ಲಿ ಮಂದಾಕಿನಿಯವರ ಸಲಹೆಯಂತೆ ನಿರೀಕ್ಷಾ ಇಳಿಜಾರುಗಳನ್ನೂ ಅಳೆದು, ಲಖನೌದ ಒಂದು ಸಮ್ಮೇಳನಕ್ಕೆ ಒಬ್ಬಳೇ ಹೋದಳು. ಅವಳು ಅಲ್ಲಿ ಮಾತಾಡಿದ ದಿನ ಸಂಜೆ, ಇತ್ತ ಹೈದರಾಬಾದಿನ ಕೋಠಿಯಲ್ಲಿ ನೀಲಾ ಬಸ್ಸಿಗೆ ಕಾಯುತ್ತಿದ್ದಾಗ ಫೋನು ಬಂತು.

"ಮೇಡಂ, ಇಲ್ಲಿ ಒಬ್ಬರು ಸರ್ ನನ್ನ ಕೂಡ ಜಗಳಾನ ಆಡಿದ್ರು ನೋಡ್ರಿ! ಊಟಕ್ಕೂ ಬಿಡಲಿಲ್ಲ. ನನ್ನ ಲೆಕ್ಕ ತಪ್ಪು ಅಂತ."

"ತಪ್ಪೈತೇನು?"

"ಅರ್ಧ ತಪ್ಪೈತ್ರಿ."

ನೀಲಾಳಿಗೆ ನಗು ಬಂತು, ನಗುವಿನ ಹಿಂದೆಯೇ ಸಿಟ್ಟೂ ಬಂತು. ಕುಷಾಯಿಗೂಡದಿಂದ ಮಾದಾಪುರದವರೆಗೆ, ಇಷ್ಟು ದೊಡ್ಡ ಊರಿನಲ್ಲಿ ಸಿಗದ ಒಂದು ಜಗಳಕ್ಕೆ ಈ ಹುಡುಗಿ ಲಖನೌದವರೆಗೆ ಹೋಗಬೇಕಾಯಿತಲ್ಲ!

"ಉಳಿದ ಅರ್ಧಕ್ಕ ಬಿಡಬ್ಯಾಡ," ಎಂದಳು. "ನಾಳೆ ಮತ್ತ ಹೋಗಿ ಜಗಳಾ ತಗಿ."